ಲಾಭ, ಎರಡು, ಮೂರು

"ಲಾಭ," ಎಂದಳು ಮೋನಮ್ಮ, ಹುಣಸೆಬೀಜವೊಂದನ್ನು ಈ ಗುಂಪಿನಿಂದ ಆ ಕಡೆಗೆ ಸರಿಸಿ. "ಎರಡು. ಮೂರು. ನಾಕು."

ಒಂದನೇ ತರಗತಿಯ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ದೇವಿಂದ್ರಪ್ಪ ಮಾಸ್ತರರು ಕೈಯೆತ್ತಿ ಅವರ ಬಾಯಿ ಮುಚ್ಚಿಸಿದರೇನೋ ನಿಜ, ಆದರೆ ಅವರ ಮೀಸೆಯ ಕೆಳಗೂ ಒಂದು ನಗು ಇದ್ದೇ ಇತ್ತು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದ ಸುಗಲಮ್ಮನಿಗೆ ನಗುವಂಥದ್ದೇನಾಯಿತೆಂದು ತಿಳಿಯಲಿಲ್ಲ. ಮೊಮ್ಮಗಳು ಎಲ್ಲೂ ತಡವರಿಸದೆ ಎಣಿಸುತ್ತಾಳೆ, ಮಾಸ್ತರರು ಶಭಾಸ್ ಎನ್ನುತ್ತಾರೆ, ಸಂಜೆ ಓಣಿಯಲ್ಲಿ ಕುಳಿತು ಅದನ್ನು ನಾಲ್ಕು ಮಂದಿಗೆ ಹೇಳಬೇಕು ಎಂದು ಆಕೆ ಬೆಳಗಿನಿಂದಲೇ ಲೆಕ್ಕ ಹಾಕಿದ್ದಳು.

"ಇದನ್ನ ಯಾರ ಕಲಿಸ್ಯಾರವ್ವ ನಿನಗ?" ಮಾಸ್ತರರು ಕೇಳಿದರು.

"ನಮ್ಮಾಯಿ," ಎಂದು ಹುಡುಗಿ ಬಾಗಿಲ ಕಡೆ ಬೆರಳು ತೋರಿಸಿದಳು.

"ಮತ್ತ ಒಂದು ಎಲ್ಲಿ ಹೋತು?"

"ಒಂದು ಅನಬಾರದ್ರಿ ಸರ. ಒಂದು ಅಂದ್ರ ರಾಶಿ ಹೆಚ್ಚಂಗಿಲ್ಲ."

ಸುಗಲಮ್ಮನಿಗೆ ಈಗ ತಿಳಿಯಿತು. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಅಳತೆಯನ್ನು ಆ ಊರಿನಲ್ಲಿ ಯಾರೂ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಹಾಗಂದರೆ ಕಾಳು ಹೆಚ್ಚುತ್ತದೆ, ಮನೆ ತುಂಬುತ್ತದೆ. ಸುಗಲಮ್ಮನ ಅತ್ತೆ ಹಾಗೇ ಅಳೆದಿದ್ದಳು, ಅತ್ತೆಯ ಅತ್ತೆಯೂ ಹಾಗೇ ಅಳೆದಿದ್ದಳು. ಜೋಳ ಸೇಂಗಾ ಬೆಳೆಯುತ್ತಿದ್ದ ಹೊಲಕ್ಕೆ ಕಾಲುವೆ ನೀರು ಬಂದು ಭತ್ತ ಬೆಳೆಯತೊಡಗಿದ ಮೇಲೂ ಎಣಿಕೆ ಮಾತ್ರ ಬದಲಾಗಿರಲಿಲ್ಲ. ಮಗ ಗುರಪ್ಪ, ಸೊಸೆ ಸುಂದ್ರಮ್ಮ ನಾಟಿಗೆ ಹೋದಾಗ ಮೋನಮ್ಮನನ್ನು ಮಡಿಲಲ್ಲಿ ಕೂರಿಸಿಕೊಂಡು, ಬೀಸಲು ಜೋಳ ಅಳೆಯುತ್ತಲೇ ಆಕೆ ಎಣಿಕೆ ಕಲಿಸಿದ್ದಳು. ಜೋಳದ ಮುಂದೆ ಕುಳಿತು ಒಂದು ಎನ್ನುವುದುಂಟೇ?

"ಆಯಿ, ರಾಶಿ ಮುಂದ ನೀವು ಲಾಭ ಅನ್ರಿ, ಯಾರು ಬ್ಯಾಡ ಅಂತಾರ?" ಎಂದರು ಮಾಸ್ತರರು ಬಾಗಿಲಿಗೆ ಬಂದು. ಒಳ್ಳೆಯ ಮನುಷ್ಯ, ದನಿಯಲ್ಲಿ ಕೊಂಕಿರಲಿಲ್ಲ. "ಸಾಲ್ಯಾಗ ಮಾತ್ರ ಒಂದು ಅಂತ ಕಲಸ್ರಿ. ಮೊದಲಽ ಚಳಿಜ್ವರ ಬಂದು ದಸರಾ ಮುಗಿದ ಮ್ಯಾಲೆ ಸಾಲಿಗಿ ಸೇರ್ಯಾಳ. ಉಳದ ಹುಡುಗ್ರ ಕೂಡ ಬರೋಬ್ಬರಿ ಆಗಬೇಕಲ್ಲ?" ಆಮೇಲೆ ಹುಡುಗಿಯ ಕಡೆ ತಿರುಗಿ, "ಅನ್ನವ್ವ, ಒಂದು," ಎಂದರು.

ಮೋನಮ್ಮ ಅಜ್ಜಿಯ ಮುಖ ನೋಡಿದಳು. ಅಷ್ಟು ಮಕ್ಕಳು, ಮೇಲೆ ಮಾಸ್ತರರು. ಸುಗಲಮ್ಮ ಅನ್ನು ಎಂಬಂತೆ ತಲೆಯಾಡಿಸಿಬಿಟ್ಟಳು.

"ಒಂದು," ಎಂದಳು ಹುಡುಗಿ, ತುಟಿ ಅಲುಗಿತೋ ಇಲ್ಲವೋ ಎಂಬಂತೆ.

ಮರುದಿನ ಶಾಲೆಗೆ ಹೊರಟಾಗ ಕಾಲುವೆಯಲ್ಲಿ ನೀರಿರಲಿಲ್ಲ. ಹಿಂದಿನ ದಿನ ದಂಡೆ ಮುಟ್ಟಿ ಹರಿಯುತ್ತಿದ್ದದ್ದು ರಾತ್ರಿ ಬೆಳಗಾಗುವುದರೊಳಗೆ ಇಳಿದು, ತಳದಲ್ಲಿ ಕೆಸರು, ಅಲ್ಲೊಂದು ಇಲ್ಲೊಂದು ಹೊಂಡ ಉಳಿದಿತ್ತು. ಸುಗಲಮ್ಮನಿಗೆ ಸಮಾಧಾನವೇ ಆಯಿತು. ತೆನೆ ಹಳದಿಗೆ ತಿರುಗಿದ್ದವು, ಗದ್ದೆ ಒಣಗಿದರೆ ತಾನೇ ಕೊಯ್ಲು. ಸೇತುವೆಯ ಮೇಲೆ ಮೋನಮ್ಮ ಕಾಲು ಕಿತ್ತಿಡದೆ ನಿಂತದ್ದನ್ನು ಕಂಡು, "ಜಲ್ದಿ ನಡಿ, ಗಂಟಿ ಹೊಡಿತಾರ," ಎಂದು ಕೈ ಹಿಡಿದು ಎಳೆದುಕೊಂಡು ಹೋದಳು.

ಅಂದಿನಿಂದ ಹುಡುಗಿ ಎಣಿಸುವುದನ್ನು ಬಿಟ್ಟಳು. ಬುಟ್ಟಿಯಲ್ಲಿನ ರೊಟ್ಟಿ, ಕಟ್ಟೆಯ ಮೇಲಿನ ಕೋಳಿಮರಿ, ಮುತ್ಯಾ ಅಂಬ್ರಪ್ಪನ ಅಂಗಿಯ ಗುಂಡಿ, ಏನನ್ನೂ ಬಿಡದೆ ಎಣಿಸಿ ಮನೆಮಂದಿಯ ತಲೆ ತಿನ್ನುತ್ತಿದ್ದವಳು ಅವಳು. ಈಗ ಕೋಳಿಮರಿಗಳೆಷ್ಟು ಎಂದರೆ, "ಭಾಳ ಅವ," ಎಂದು ಓಡಿಹೋಗುವಳು. ಅಕ್ಷರಕ್ಕೇನೂ ತಕರಾರಿರಲಿಲ್ಲ. ಸುಂದ್ರಮ್ಮ ರೊಟ್ಟಿ ಬಡಿಯುವಾಗ ಪರಾತದಲ್ಲಿ ಹಿಟ್ಟು ಹರವಿ ಕೊಟ್ಟರೆ, ಹುಡುಗಿ ಬೆರಳಿನಿಂದ ಅ, ಆ, ಇ ಎಂದು ಬರೆದು, ಅಳಿಸಿ, ಮತ್ತೆ ಬರೆಯುವಳು. ಮೂಗಿಗೂ ಹಿಟ್ಟು, ಹುಬ್ಬಿಗೂ ಹಿಟ್ಟು. ಅದೇ ಪರಾತದಲ್ಲಿ ತಾಯಿ ಒಂದರ ಅಂಕಿ ಬರೆದಳೋ, ಕೈ ಹಿಂದಕ್ಕೆ ಕಟ್ಟಿ ಕುಳಿತುಬಿಡುವಳು.

ಮಾಸ್ತರರಿಂದ ಮಾತು ಬಂತು. ಸಂತೆಯಿಂದ ಬರುತ್ತಿದ್ದ ಸುಂದ್ರಮ್ಮನಿಗೆ ಸಿಕ್ಕು, ಹುಡುಗಿ ಲೆಕ್ಕದ ಹೊತ್ತಿನಲ್ಲಿ ಬಾಯೇ ಬಿಡುವುದಿಲ್ಲ, ಹೀಗಾದರೆ ಮುಂದಿನ ವರ್ಷವೂ ಇಲ್ಲೇ ಕೂರಬೇಕಾಗುತ್ತದೆ ಎಂದಿದ್ದರಂತೆ. ಸುಂದ್ರಮ್ಮ ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು. ತಮ್ಮಂದಿರನ್ನು ಎತ್ತಿಕೊಳ್ಳಲು ಬಿಡಿಸಿದ್ದರು. ಮಗಳದ್ದು ಹಾಗಾಗಬಾರದೆಂಬುದು ಅವಳ ಒಂದೇ ಹಟ. ಮನೆಗೆ ಬಂದವಳು ಸಂತೆಯ ಚೀಲ ಇಳಿಸುವ ಮೊದಲೇ ಅತ್ತೆಯ ಮುಂದೆ ನಿಂತಳು.

"ಅತ್ತಿ, ನಿಮಗ ಕೈ ಮುಗಿತೀನಿ. ಇನ್ನ ಮ್ಯಾಲೆ ಆಕಿಗಿ ಎಣಿಕಿ ಕಲಸಾಕ ಹೋಗಬ್ಯಾಡ್ರಿ. ಲಾಭ ಅಂತ ನೀವು ಅಂತೀರಿ, ಒಂದು ಅಂತ ಮಾಸ್ತರ ಅಂತಾರ, ನಡುವ ಕೂಸು ಮೂಕ ಆಗ್ಯಾದ."

ಸುಗಲಮ್ಮ ಸೊಸೆಯ ಕೈಯಿಂದ ಚೀಲ ಇಳಿಸಿಕೊಂಡಳು. ಸೊಸೆ ಹೇಳಿದ್ದರಲ್ಲಿ ಸುಳ್ಳೇನಿತ್ತು? ಆದರೂ ಎದೆಗೆ ಚುಚ್ಚಿತು. ಆ ಹುಡುಗಿಗೆ ಬಾಯಿ ಬಂದದ್ದೇ ತನ್ನ ಮಡಿಲಲ್ಲಿ. ತನ್ನಿಂದಲೇ ಆ ಬಾಯಿ ಮುಚ್ಚಿತೆಂದರೆ ಹೇಗೆ ಸಹಿಸುವುದು?

ಮುಂದಿನ ಭಾನುವಾರ ಇಬ್ಬರೂ ಕಾಲುವೆಯ ಮೆಟ್ಟಿಲ ಬಳಿ ಹೋಗಿದ್ದರು. ಹೊಂಡದಲ್ಲಿ ಉಳಿದ ನೀರಿನಲ್ಲಿ ಸುಗಲಮ್ಮ ಕೌದಿ ಅದ್ದಿ ತುಳಿಯುತ್ತಿದ್ದಳು. ಆಚೆ ಹೊಂಡದಲ್ಲಿ ಊರ ಹುಡುಗರು ಸೊಂಟದವರೆಗೆ ಕೆಸರಾಗಿ ಮೀನು ಹಿಡಿಯುತ್ತ ಕೂಗಾಡುತ್ತಿದ್ದರು. ಮೋನಮ್ಮ ಮೆಟ್ಟಿಲ ಮೇಲೆ ಗಲ್ಲಕ್ಕೆ ಕೈಯಿಟ್ಟು ಕುಳಿತಿದ್ದಳು.

"ಆಯಿ, ನೀರು ಮತ್ತ ಬರ್ತಾವೇನು?"

"ಬರ್ದ ಎಲ್ಲಿ ಹೋಗ್ತಾವ?"

"ಸಿಟ್ಟ ಆಗಿ ಹೋಗ್ಯಾವೇನು?"

"ಯಾರ ಮ್ಯಾಲೆ ಸಿಟ್ಟ?"

ಹುಡುಗಿ ಮೊಣಕಾಲಿನ ಗಾಯದ ಹಕ್ಕಳೆಯನ್ನು ಕೆರೆದಳು. ಆಮೇಲೆ ಮುಖ ಮೇಲೆತ್ತದೆಯೇ ಹೇಳಿದಳು. "ನಾ ಸಾಲ್ಯಾಗ ಒಂದು ಅಂದೆನಲ್ಲ. ಅದಕ್ಕ ಹೋದವು."

ಸುಗಲಮ್ಮನ ಕಾಲು ಕೌದಿಯ ಮೇಲೆ ಹಾಗೇ ನಿಂತಿತು. ಅಯ್ಯೋ ನನ್ನ ಕೂಸೇ, ಇಷ್ಟು ದಿನ ಇಷ್ಟು ದೊಡ್ಡ ಭಾರವನ್ನು ಒಬ್ಬಳೇ ಹೊತ್ತುಕೊಂಡು ತಿರುಗಿದೆಯಾ ಎಂದು ಮರುಗಿದಳು. ಸೀರೆ ಒದ್ದೆಯಾಗಿದ್ದುದನ್ನೂ ಲೆಕ್ಕಿಸದೆ ಪಕ್ಕದಲ್ಲಿ ಬಂದು ಕುಳಿತಳು.

"ಹುಚ್ಚಿ, ಹಂಗಲ್ಲ. ನಾರಾಯಣಪುರ ಡ್ಯಾಮಿನಾಗ ಗೇಟ ಹಾಕ್ಯಾರ. ಪೀಕು ಬಂದ ಮ್ಯಾಲೆ ವರ್ಷಾ ವರ್ಷಾ ಹಾಕ್ತಾರ."

"ನಾ ಒಂದು ಅಂದದ್ದು ಅವರಿಗಿ ಯಾರ ಹೇಳಿದ್ರು?"

ಸುಗಲಮ್ಮನಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. "ಯಾರೂ ಹೇಳಿಲ್ಲವ್ವ. ಒಂದು ಅಂದ್ರ ಏನೂ ಆಗಂಗಿಲ್ಲ. ನಾ ಹೇಳಾಕತ್ತೀನಲ್ಲ."

"ಹಂಗಾದ್ರ ನೀ ಅನ್ನು."

"ಒಂದು. ಸಾಕಾ?"

"ಇಲ್ಲಿ ಅಲ್ಲ." ಹುಡುಗಿ ಈಗ ನೇರವಾಗಿ ಅಜ್ಜಿಯ ಮುಖ ನೋಡಿದಳು. "ರಾಶಿ ಮುಂದ ಅಂತೀಯೇನು?"

ಸುಗಲಮ್ಮ ಎದ್ದು ಹೋಗಿ ಕೌದಿ ತುಳಿಯತೊಡಗಿದಳು, ಕೊಳೆ ಹೋದ ಮೇಲೂ ತುಳಿಯುತ್ತಲೇ ಇದ್ದಳು. ಏನೂ ಆಗುವುದಿಲ್ಲ ಎಂದು ಹುಡುಗಿಗೆ ಹೇಳುವುದು ಸುಲಭ. ಆದರೆ ಏನೂ ಆಗುವುದಿಲ್ಲವೆಂದು ತನಗಾದರೂ ಖಾತ್ರಿ ಇತ್ತೇ? ಇರಲಿಲ್ಲ. ವರ್ಷವಿಡೀ ದುಡಿದ ಬೆಳೆಯ ಮುಂದೆ ನಿಂತು ಆ ಮಾತು ಆಡಲು ಆಕೆಗೂ ಭಯವಿತ್ತು.

ಕೊಯ್ಲಾಯಿತು, ಒಕ್ಕಣೆಯಾಯಿತು. ನಾಳೆ ಅಳತೆ ಎನ್ನುವ ದಿನ, ಕಣದಲ್ಲಿ ಹಗ್ಗ ಸುತ್ತುತ್ತ ಕುಳಿತಿದ್ದ ಗಂಡ ಅಂಬ್ರಪ್ಪನ ಮುಂದೆ ಸುಗಲಮ್ಮ ವಿಷಯ ತೆಗೆದಳು. ರಾಶಿಯ ಹತ್ತಿರ ಯಾರಾದರೂ ಕೆಮ್ಮಿದರೂ ಸಹಿಸದ ಮನುಷ್ಯ ಅವನು.

"ತಲಿ ಸಮ ಅದನ ನಿಂದು?" ಎಂದ. "ನಮ್ಮಪ್ಪ ಅಂದಿಲ್ಲ, ನಾ ಅಂದಿಲ್ಲ. ಈ ವರ್ಷ ನೆಲ್ಲು ಹಿಂಗ ಬಂದಾದ, ನಿನಗ ಈಗಽ ಈ ಹುಚ್ಚು ಹಿಡಿಬೇಕಿತ್ತಾ?"

"ಹುಡುಗಿ ಬಾಯಿ ಬಿಡವಲ್ದು."

"ಬಿಡ್ತಾಳ ತಗಿ, ಸಣ್ಣಾಕಿ."

"ನೀರು ತನ್ನಿಂದ ಹೋದವು ಅಂತ ತಿಳಕೊಂಡಾಳರಿ. ಆರು ವರ್ಷದ ಕೂಸು."

ಅಂಬ್ರಪ್ಪ ಹಗ್ಗ ಸುತ್ತುವುದನ್ನು ನಿಲ್ಲಿಸಿದ. "ರಾಶಿ ಸುದ್ದಿಗಿ ಬರಬ್ಯಾಡ," ಎಂದಷ್ಟೇ ಹೇಳಿ ಎದ್ದುಹೋದ.

ಬೆಳಗಿನ ಬಿಸಿಲು ಬೀಳುವ ಹೊತ್ತಿಗೆ ಕಣದಲ್ಲಿ ಭತ್ತದ ರಾಶಿ ತಯಾರಾಗಿತ್ತು. ನೆತ್ತಿಯ ಮೇಲೆ ಸಗಣಿಯ ಬೆನಕ, ಅದಕ್ಕೆ ಗರಿಕೆ, ಅರಿಸಿನ. ಎಲ್ಲರೂ ಚಪ್ಪಲಿ ದೂರ ಬಿಟ್ಟಿದ್ದರು. ಅಂಬ್ರಪ್ಪ ಕಾಯಿ ಒಡೆದು, ರುಮಾಲು ಸರಿಮಾಡಿಕೊಂಡು, ಅಳೆಯುವ ತಗಡಿನ ಡಬ್ಬಿಗೆ ವಿಭೂತಿ ಹಚ್ಚಿದ. ಗುರಪ್ಪ ಚೀಲದ ಬಾಯಿ ಅಗಲಿಸಿ ಹಿಡಿದು ನಿಂತ. ಸುಂದ್ರಮ್ಮನ ಸೆರಗು ಹಿಡಿದು ಮೋನಮ್ಮ ಹಿಂದೆಯೇ ನಿಂತಿದ್ದಳು, ಕಣ್ಣು ಮಾತ್ರ ಅಜ್ಜಿಯ ಮೇಲೆ.

ಆ ಕಣ್ಣಿಗೇ ಸುಗಲಮ್ಮ ಸೋತದ್ದು. ಗಂಡ ಡಬ್ಬಿ ಬಗ್ಗಿಸುವ ಮೊದಲೇ ಮುಂದೆ ಹೋಗಿ ಅವನ ಕೈಯಿಂದ ಅದನ್ನು ತೆಗೆದುಕೊಂಡಳು. ಬಾಳಿನಲ್ಲಿ ಎಂದೂ ಮಾಡದ ಕೆಲಸ. ಅಂಬ್ರಪ್ಪ ಎಷ್ಟು ಬೆರಗಾದನೆಂದರೆ ಬೈಯುವುದನ್ನೂ ಮರೆತ. ಆಕೆ ರಾಶಿಗೆ ಕೈಮುಗಿದಳು. ತಪ್ಪೇನಿದ್ದರೂ ನನ್ನ ಮೇಲೆ ಹಾಕು ತಾಯಿ, ಕೂಸಿನ ಮೇಲೆ ಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಡಬ್ಬಿ ತುಂಬಿ, ಎತ್ತಿ, ಚೀಲಕ್ಕೆ ಸುರಿದಳು.

"ಒಂದು!"

ಅಕ್ಕಪಕ್ಕದ ಕಣದವರಿಗೂ ಕೇಳುವಂತೆ ಕೂಗಿದ್ದಳು, ಮೆಲ್ಲಗೆ ಅನ್ನಲು ಹೋದರೆ ಗಂಟಲಲ್ಲೇ ಉಳಿದೀತೆಂಬ ಭಯಕ್ಕೆ. ಗುರಪ್ಪ ಅಪ್ಪನ ಮುಖ ನೋಡಿದ. ಸುಂದ್ರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅತ್ತೆಯ ಮೇಲಿದ್ದ ಅವಳ ಸಿಟ್ಟು ಆ ಕ್ಷಣವೇ ಕರಗಿತು. ರಾಶಿ ಇದ್ದಲ್ಲೇ ಇತ್ತು, ಬಿಸಿಲು ಇದ್ದಹಾಗೇ ಇತ್ತು. ಸುಗಲಮ್ಮ ಎರಡನೆಯ ಡಬ್ಬಿ ತುಂಬಿ ಎತ್ತಿದಳು. ಸುರಿದು, ಬೇಕೆಂದೇ ಸುಮ್ಮನೆ ನಿಂತಳು.

ಮೋನಮ್ಮ ರಾಶಿಯ ಬುಡವನ್ನು ನೋಡಿದಳು, ತುದಿಯನ್ನು ನೋಡಿದಳು. ತಾಯಿಯ ಸೆರಗು ಬಿಟ್ಟು ಒಂದು ಹೆಜ್ಜೆ ಈಚೆ ಬಂದಳು.

"ಎರಡು," ಎಂದಳು.

"ಕೊಡು ಇಲ್ಲಿ," ಎಂದು ಅಂಬ್ರಪ್ಪ ಹೆಂಡತಿಯ ಕೈಯಿಂದ ಡಬ್ಬಿ ಕಿತ್ತುಕೊಂಡ. "ಮಾಡೂದು ಮಾಡಿದಿ. ಇನ್ನ ಸೊಂಟ ಬ್ಯಾರೆ ಹಿಡಕೊಂಡು ಕುಂದ್ರಬ್ಯಾಡ." ದನಿ ಗಡುಸಾಗಿತ್ತು. ಆದರೆ ಮುಂದಿನ ಡಬ್ಬಿ ಸುರಿದು ಅವನೂ ಬಾಯಿ ಬಿಡಲಿಲ್ಲ, ಮೊಮ್ಮಗಳ ಕಡೆ ನೋಡಿದ.

"ಮೂರು!"

ಆಮೇಲೆ ತಡೆಯೇ ಇರಲಿಲ್ಲ. ಮುತ್ಯಾ ಸುರಿಯುವುದು, ಮೊಮ್ಮಗಳು ಕೂಗುವುದು. ದನಿ ಒಂದೊಂದು ಡಬ್ಬಿಗೂ ಏರುತ್ತ ಹೋಯಿತು. ಚೀಲಗಳು ತುಂಬಿ ಸಾಲಾಗಿ ನಿಂತವು. ಸುಗಲಮ್ಮ ಕಣದ ಅಂಚಿನಲ್ಲಿ ಕುಳಿತು ಬೆವರು ಒರೆಸಿಕೊಂಡಳು. ಅಷ್ಟು ಹಗುರಾಗಿ ಆಕೆ ಉಸಿರಾಡಿ ಎಷ್ಟೋ ದಿನವಾಗಿತ್ತು.

"ಇಪ್ಪತ್ತು!"

ಅಂಬ್ರಪ್ಪ ಡಬ್ಬಿ ಕೆಳಗಿಟ್ಟು ಒಂದು ಹಿಡಿ ಭತ್ತ ತೆಗೆದ. ಇಪ್ಪತ್ತಾದ ಕೂಡಲೇ ಒಂದು ಹಿಡಿ ಬೇರೆ ತೆಗೆದಿಡುವುದು, ಮತ್ತೆ ಮೊದಲಿನಿಂದ ಎಣಿಸುವುದು, ಕೊನೆಗೆ ಹಿಡಿಗಳನ್ನು ನೋಡಿ ಇಷ್ಟು ಇಪ್ಪತ್ತು ಎನ್ನುವುದು ಅವನ ಲೆಕ್ಕ. ಅವನಿಗಾಗಲಿ ಸುಗಲಮ್ಮನಿಗಾಗಲಿ ಅದರಾಚೆಯ ಎಣಿಕೆ ಬರುತ್ತಿರಲಿಲ್ಲ. ಸುಂದ್ರಮ್ಮನಿಗೆ ಬರುತ್ತಿದ್ದರೂ ಮಾವ ಅಳೆಯುವಲ್ಲಿ ಅವಳು ಎಂದೂ ಬಾಯಿ ಹಾಕಿದವಳಲ್ಲ. ಅಂಬ್ರಪ್ಪ ಹಿಡಿಯನ್ನು ಬಟ್ಟೆಯ ಮೇಲೆ ಹಾಕಲು ಬಾಗಿದ.

"ಇಪ್ಪತ್ತೊಂದಕ್ಕ ಸುರಿ ಮುತ್ಯಾ," ಎಂದಳು ಮೋನಮ್ಮ.

ಶಾಲೆಯಲ್ಲಿ ಬಾಯಿ ಮುಚ್ಚಿ ಕುಳಿತಿದ್ದಳೇ ಹೊರತು ಕಿವಿ ಮುಚ್ಚಿರಲಿಲ್ಲ. ದಿನಾ ಮಧ್ಯಾಹ್ನ ಮಕ್ಕಳೆಲ್ಲ ಒಟ್ಟಾಗಿ ಕೂಗಿದ್ದೆಲ್ಲ ಒಳಗೇ ಕೂತಿತ್ತು.

ಅಂಬ್ರಪ್ಪ ಬಾಗಿದಲ್ಲಿಂದಲೇ ಹೆಂಡತಿಯ ಕಡೆ ತಿರುಗಿ ನೋಡಿದ. ಅದರ ಮುಂದೆ ಏನು ಬರುತ್ತದೆಂದು ಕೇಳಲು ಆಕೆಯೂ ಹುಡುಗಿಯ ಬಾಯನ್ನೇ ನೋಡುತ್ತಿದ್ದಳು. ಅವನು ಮುಷ್ಟಿ ಬಿಚ್ಚಿ ಆ ಹಿಡಿ ಭತ್ತವನ್ನು ರಾಶಿಗೇ ಬಿಟ್ಟು, ಡಬ್ಬಿ ಬಗ್ಗಿಸಿದ.