ಒಂಟೆ ಬೆತ್ತ

“ಲೇ ಕರಿ ಹಡಬಿ, ಕಾಲಿಗೆ ಬೀಳು ಅಂದ್ರ ಬೀಳಬೇಕು! ಮಂಗ್ಯಾ ನಿಂತಂಗ ನಿಂತೀಯಲ್ಲ!”

ಬೈದದ್ದು ನಾಟಕದ ಗೌಡನೋ, ನಮ್ಮ ಸಚ್ಚಿದಾನಂದ ಸಾಹೇಬರೋ, ಆ ಹೊತ್ತಿಗೆ ಯಾರಿಗೂ ತಿಳಿಯಲಿಲ್ಲ. ಒಮಾನಿನ ಅಲ್ ಹೈಲ್‌ನ ಅವರ ಮನೆಯ ಹಾಲಿನಲ್ಲಿ ಕನ್ನಡ ಬಳಗದ ನಾಟಕದ ತಾಲೀಮು ನಡೆದಿತ್ತು. ಗೌಡನ ಪಾತ್ರ ಸಾಹೇಬರದೇ. ಸೋಫಾಗಳನ್ನು ಗೋಡೆಗೆ ತಳ್ಳಿ ಜಾಗ ಮಾಡಿಕೊಟ್ಟವನು ನಾನು, ಕೊಗ್ಗ. ಸಾಹೇಬರ ಕಾರಿನ ಡ್ರೈವರ್. ಬಳಗದ ಕಾರ್ಯಕ್ರಮವಿದ್ದಾಗ ಪರದೆ ಎಳೆಯುವ ಕೂಲಿಯೂ ನನ್ನದೇ.

ಬೈಸಿಕೊಂಡವಳು ಆಂಡ್ರಿಯಾ ಸಿದ್ದಿ. ಹಳಿಯಾಳದ ಕಾಡಿನ ಕಡೆಯವಳು. ಸಾಹೇಬರ ಮನೆಯ ಅಡಿಗೆ, ಪಾತ್ರೆ, ಕಕ್ಕಸು, ಮಗುವಿನ ಹೇಲು ಎಲ್ಲ ಅವಳ ಪಾಲಿಗೆ. ಆ ನಾಟಕವೂ ಅವಳದೇ. ಅವಳೇ ಬರೆದು, ಅವಳೇ ಕಲಿಸಿ, ಅವಳೇ ಮುಖ್ಯ ಪಾತ್ರ ಮಾಡುತ್ತಿದ್ದಳು. ಕರಪತ್ರದಲ್ಲಿ ಮಾತ್ರ “ರಚನೆ: ಸಚ್ಚಿದಾನಂದ” ಎಂದು ಅಚ್ಚಾಗಿತ್ತು.

“ಸರ್, ಈ ಹೆಂಗ್ಸು ಬೀಳಂಗಿಲ್ರಿ,” ಎಂದಳು ಆಂಡ್ರಿಯಾ. “ನಾ ಬರದದ್ದರಾಗ ಆಕಿ ಗೌಡನ ಕೈಯಾಗಿನ ಬೆತ್ತ ಕಸ್ಕೊಂಡು ತಿರುಗಿ ಹೊಡಿತಾಳ್ರಿ. ಇದು ನಮ್ಮಜ್ಜಿ ಕಥಿ.”

“ನಿಮ್ಮಜ್ಜಿ ಗೌಡಗ ಹೊಡದಿದ್ಲೇನು?”

“ಇಲ್ರಿ. ಹೊಡಿಲಿಕ್ಕೆ ಆಗಲಿಲ್ಲ. ಅದಕ್ಕ ನಾಟಕ ಬರದೀನ್ರಿ.”

ಸಾಹೇಬರ ಕೈ ಎದ್ದದ್ದು ಕಂಡಿತು, ಇಳಿದದ್ದು ಕೇಳಿಸಿತು. ಆಂಡ್ರಿಯಾ ಬಟ್ಟೆ ಹೊಸೆದು ಮಾಡಿದ್ದ ನಾಟಕದ ಚಾವಟಿ ಮೂಲೆಯಲ್ಲಿ ಬಿದ್ದಿತ್ತು. ಸಾಹೇಬರ ಕೈಯಲ್ಲಿದ್ದದ್ದು ನಿಜ್ವಾ ಊರಿನ ಸಂತೆಯಲ್ಲಿ ಶೋಕಿಗೆ ಕೊಂಡು ತಂದಿದ್ದ, ಒಂಟೆ ಹೊಡೆಯುವ ಬೆತ್ತ. ಎರಡನೆಯ ಏಟಿಗೆ ಅವಳು ಮೊಣಕಾಲೂರಿದಳು. ಮೂರನೆಯದಕ್ಕೆ ನೆಲಕ್ಕೆ ಕೈಯೂರಿದಳು.

“ವಾಹ್ ಸರ್! ರಿಯಲ್ ಫೀಲ್ ಬಂತು ನೋಡಿ,” ಎಂದ ಬಳಗದ ಕಾರ್ಯದರ್ಶಿ ಕ್ಯಾಸ್ಮಿರ್. ಮಂಗಳೂರಿನವನು, ನನ್ನ ಊರಿನ ಕಡೆಯವನೇ, ನಾಚಿಕೆಗೇಡು.

ಸಾಹೇಬರು ಏದುಸಿರು ಬಿಡುತ್ತ ಬಗ್ಗಿ ಅವಳ ಜಡೆ ಹಿಡಿದೆತ್ತಿದರು. “ನಾ ಹೇಳಿದಂಗ ಕಾಲಿಗೆ ಬಿದ್ದಿ ಅಂದ್ರ ನಾಟಕ ಮುಗದ ಮರುದಿನಾ ಪಾಸ್‌ಪೋರ್ಟ್ ಕೊಟ್ಟು ಊರಿಗೆ ಕಳಸ್ತೀನಿ. ಇಲ್ಲಾಂದ್ರ ಇಲ್ಲೇ ಕೊಳಿ.”

ಅವರ ಹೆಂಡತಿ ಐಶ್ವರ್ಯಾ ಮೇಡಂ ಅಡಿಗೆಮನೆಯ ಬಾಗಿಲಲ್ಲಿ ನಿಂತು, “ಮುಗೀತೇನ್ರಿ? ಚಹಾ ಮಾಡೋರು ಯಾರು?” ಎಂದರು.

ಆಂಡ್ರಿಯಾ ಎದ್ದು ಚಹಾ ಮಾಡಿದಳು. ಅಷ್ಟೂ ಜನ ಅವಳು ಮಾಡಿದ ಚಹಾ ಕುಡಿದು, ಅವಳು ಕರಿದ ಮಿರ್ಚಿ ತಿಂದು ಹೋದರು.

ಅವಳ ಬದುಕನ್ನು ಅವಳ ಬಾಯಿಂದಲೇ ಕೇಳಿದ್ದೇನೆ. ಶಾಲೆಯ ನಾಟಕಗಳಲ್ಲಿ ಅವಳಿಗೆ ಕೊಟ್ಟದ್ದು ಯಾವಾಗಲೂ ರಾಕ್ಷಸಿಯ ಪಾತ್ರ. ಬಣ್ಣದ ಖರ್ಚು ಉಳಿಯಿತು ಎಂದು ಮೇಷ್ಟ್ರು ನಗುತ್ತಿದ್ದರಂತೆ. ಆಮೇಲೆ ಸಿದ್ದಿಯರೇ ಸೇರಿ ಕಟ್ಟಿದ ತಂಡದಲ್ಲಿ ಅವಳು ರಾಣಿಯಾದಳು, ಹುಚ್ಚಿಯಾದಳು, ನ್ಯಾಯಾಧೀಶೆಯಾದಳು. ಧಾರವಾಡ, ಶಿರಸಿ, ದಿಲ್ಲಿಯವರೆಗೂ ಹೋಗಿ ಬಂದಳು. ಪೇಪರಿನಲ್ಲಿ ಅವಳ ಫೋಟೋ ಬಂತು. ತಾನೇ ನಾಟಕ ಬರೆಯತೊಡಗಿದಳು. ಹೊಗಳಿಕೆ ಬಂತು, ಶಾಲು ಬಂತು, ಗಂಜಿ ಬರಲಿಲ್ಲ. ತಂಡ ಚದುರಿತು. ಗಂಡ ಮರದಿಂದ ಬಿದ್ದು ಸೊಂಟ ಮುರಿದುಕೊಂಡ. ಶಾಲು ಮಡಚಿಟ್ಟು ಒಮಾನಿಗೆ ಬಂದಳು. ಬಂದ ದಿನವೇ ಪಾಸ್‌ಪೋರ್ಟ್ ಸಾಹೇಬರ ಕಪಾಟು ಸೇರಿತು.

ಇನ್ನೊಂದು ಮಾತು. ಸೀಬ್‌ನ ಮೀನು ಮಾರುಕಟ್ಟೆಗೆ ಕರೆದುಕೊಂಡು ಹೋದರೆ ಒಮಾನಿ ಹೆಂಗಸರು ಅವಳನ್ನು ತಮ್ಮವಳೆಂದೇ ತಿಳಿದು ಸಲಾಂ ಹೇಳಿ ಮನೆಯವರ ಕ್ಷೇಮ ಕೇಳುತ್ತಾರೆ. ಅವಳಷ್ಟೇ ಕಪ್ಪಗಿರುವ, ಅಜ್ಜಿ ಜಾಂಜಿಬಾರಿನವಳು ಎನ್ನುವ ಒಮಾನಿಗಳು ಇಲ್ಲಿ ಬೇಕಾದಷ್ಟಿದ್ದಾರೆ. ಅವಳನ್ನು ಕರಿ ಎಂದು ಕರೆದವರನ್ನು ನಾನು ಕಂಡದ್ದು ಕನ್ನಡಿಗರಲ್ಲಿ ಮಾತ್ರ.

ಆ ದಿನ ಚಹಾದ ಲೋಟ ತೊಳೆಯುತ್ತಿದ್ದಾಗ ಅವಳ ರವಿಕೆಗೆ ರಕ್ತ ಅಂಟಿಕೊಂಡಿತ್ತು. ಫ್ರಿಜ್ಜಿನಿಂದ ಐಸ್ ತೆಗೆದುಕೊಟ್ಟು ಹೇಳಿದೆ: “ಬಿದ್ದುಬಿಡು ಆಂಡ್ರಿಯಕ್ಕ. ಎಂತ ಹೋಗ್ತದೆ? ನಾಟಕ ಅಲ್ವಾ?”

“ನಾಟಕ ಅಂತನೇ ಬೀಳಂಗಿಲ್ಲ ಕೊಗ್ಗಣ್ಣ,” ಎಂದಳು. “ಮನ್ಯಾಗ ದಿನಾ ಬೀಳ್ತೀನಿ. ಅಲ್ಲೂ ಬೀಳ್ಲೇನು?”

ಉಳಿದ ಲೋಟಗಳನ್ನು ನಾನು ತೊಳೆದೆ.

ಪ್ರದರ್ಶನ ನಡೆದದ್ದು ಅಲ್ ಖೌದ್‌ನ ಒಂದು ಬಾಡಿಗೆ ಸಭಾಂಗಣದಲ್ಲಿ. ಮುಖ್ಯ ಅತಿಥಿ ಯಾವುದೋ ಕಚೇರಿಯ ದೊಡ್ಡ ಒಮಾನಿ ಅಧಿಕಾರಿ. ಬಿಳಿ ನಿಲುವಂಗಿ, ತಲೆಗೆ ಸುತ್ತಿದ ಮಸರ್ ರುಮಾಲು, ಆಂಡ್ರಿಯಾಳ ಅಣ್ಣನೆಂದರೆ ನಂಬಬೇಕು, ಅಂಥ ಮೈಬಣ್ಣ. ಸಾಹೇಬರು ಅವರ ಮುಂದೆ ಸೊಂಟ ಮುರಿದವರಂತೆ ಬಾಗಿ ಗಂಧದ ಹಾರ ಹಾಕಿದರು, ಶಾಲು ಹೊದಿಸಿದರು. ಕ್ಯಾಸ್ಮಿರ್ ಪಕ್ಕದ ಕುರ್ಚಿಯಲ್ಲಿ ಕುಳಿತು ಇಂಗ್ಲಿಷಿನಲ್ಲಿ ಕಥೆ ಹೇಳತೊಡಗಿದ.

ರಂಗದ ಸೈಡ್‌ವಿಂಗ್‌ನ ಮರೆಯಲ್ಲಿ ಆಂಡ್ರಿಯಾ ಎಲ್ಲರಿಗೂ ಕೊನೆಯ ಸಲ ಹೇಳಿದಳು. “ಒಂದು ನೆನಪಿಡ್ರಿ. ಏನರ ಆಗಲಿ, ಮಂದಿಗೆ ಬೆನ್ನು ತೋರಿಸ್ಬ್ಯಾಡ್ರಿ. ಮುಖ ಕಾಣ್ಬೇಕು.” ತಾಲೀಮಿನ ಮೊದಲ ದಿನದಿಂದ ಅವಳು ಹೇಳುತ್ತಿದ್ದದ್ದು ಅದೊಂದೇ ಪಾಠ.

ಕೊನೆಯ ದೃಶ್ಯ ಬಂತು. ಗೌಡನ ವೇಷದ ಸಾಹೇಬರು, “ಕರೇ ಮುಸುಡಿಯವಳ!” ಎಂದು ಅರಚಿದರು. ಸಭೆ ನಕ್ಕಿತು. ಹಾರ ಹಾಕಿಕೊಂಡ ಅತಿಥಿಯೂ ಮರ್ಯಾದೆಗೆ ನಕ್ಕರು. ಪಾಪ, ಅವರಿಗೆ ಕನ್ನಡ ಬಾರದು. ಬೆತ್ತ ಬಿತ್ತು. ಮತ್ತೆ ಬಿತ್ತು. ಮೈಕ್ ಆ ಸದ್ದನ್ನು ಹಿಂದಿನ ಸಾಲಿನವರೆಗೂ ಮುಟ್ಟಿಸಿತು. ಆಂಡ್ರಿಯಾಳ ಬಾಯಿಂದ ಬಂದ ಕೂಗು ಅವಳು ಬರೆದ ಮಾತಾಗಿರಲಿಲ್ಲ.

ನಮ್ಮ ಕರಾವಳಿಯಲ್ಲಿ ಒಂದು ಪದ್ಧತಿ ಇದೆ. ಆಟದ ನಡುವೆ ಮೆಚ್ಚುಗೆಯಾದರೆ ರಂಗಕ್ಕೇ ಹತ್ತಿ ಪಾತ್ರಧಾರಿಯ ಎದೆಗೆ ನೋಟು ಚುಚ್ಚುವುದು. ಮೈಕಿನಲ್ಲಿ, “ಸಚ್ಚಿದಾನಂದ ಅವರ ನೈಜ ಅಭಿನಯಕ್ಕೆ ಮೆಚ್ಚಿ ಹೆರಾಲ್ಡ್ ಅವರಿಂದ ಬಹುಮಾನ!” ಎಂದು ಘೋಷಣೆಯಾಯಿತು. ಸೊಹಾರ್‌ನ ಯಾವುದೋ ಕಂಪನಿಯ ಹೆರಾಲ್ಡ್ ಮೇಲೆ ಬಂದ. ನೆಲದಲ್ಲಿ ಬಿದ್ದು ನರಳುತ್ತಿದ್ದ ಆಂಡ್ರಿಯಾಳನ್ನು ದಾಟಿಕೊಂಡು ಹೋಗಿ, ಹೊಡೆದವನ ಎದೆಗೆ ಪಿನ್ನು ಚುಚ್ಚಿದ. ಫೋಟೋ ತೆಗೆಸಿಕೊಂಡ. ಅವಳ ಕೈ ಮೇಲೆ ಬೂಟು ಇಟ್ಟದ್ದು ಅವನಿಗೆ ಗೊತ್ತೇ ಆಗಲಿಲ್ಲ.

ನಾನು ಸೈಡ್‌ವಿಂಗ್‌ನಲ್ಲಿ ನಿಂತಿದ್ದೆ. ಪರದೆಯ ಹಗ್ಗ ನನ್ನ ಕೈಯಲ್ಲಿತ್ತು.

“ಈಗ ಬೀಳಲೇ,” ಎಂದು ಸಾಹೇಬರು ಹಲ್ಲು ಕಚ್ಚಿ ಪಿಸುಗುಟ್ಟಿದರು. “ಪಾಸ್‌ಪೋರ್ಟ್ ಬ್ಯಾಡೇನು?”

ಆಂಡ್ರಿಯಾ ಎದ್ದಳು. ಬಾಗಿ ಕಾಲಿನ ಕಡೆ ಕೈ ಚಾಚಿದಳು. ಸಾಹೇಬರು ಎದೆಯುಬ್ಬಿಸಿ ಪಾದ ಮುಂದಿಟ್ಟರು. ಅವಳು ಆ ಪಾದವನ್ನೇ ಹಿಡಿದು ಎಳೆದಳು. ಸಾಹೇಬರು ಅಂಗಾತ ಬಿದ್ದರು. ಬೆತ್ತ ಅವಳ ಕೈಗೆ ಬಂತು.

“ಇದು ನಮ್ಮಜ್ಜಿದು!”

ಏಟು ಮುಖದ ಮೇಲೆ ಬಿತ್ತು. ತುಟಿ ಸೀಳಿತು.

“ಇದು ನಂದು!”

“ಅಯ್ಯೋ, ಖರೇನ ಹೊಡಿಯಾಕತ್ಯಾಳ! ಹಿಡಿರೋ ಇಕಿನ್ನ!” ಎಂದು ಸಾಹೇಬರು ಹೊರಳಾಡಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸೀಟಿ ಹೊಡೆದರು. “ಏನ್ ಆಕ್ಟಿಂಗ್ರೀ!” ಎಂದು ಯಾರೋ ಕೂಗಿದರು. ಅವಳು ಹೊಡೆದಳು. ಮೂಗಿನಿಂದ ಇಳಿದ ರಕ್ತ ಎದೆಯ ನೋಟನ್ನು ತೋಯಿಸಿತು. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು.

“ಪರದಿ ಬಿಡಲೇ ಕೊಗ್ಗಾ! ಬಿಡಲೇ ಸೂಳೆಮಗನ!” ಎಂದು ಸಾಹೇಬರು ಬಿದ್ದಲ್ಲಿಂದಲೇ ಅರಚಿದರು.

ಹಗ್ಗ ಬಿಟ್ಟರೆ ಪರದೆ ಬೀಳುತ್ತದೆ, ಎಲ್ಲವೂ ನಾಟಕವಾಗಿಬಿಡುತ್ತದೆ. ನಾನು ಹಗ್ಗವನ್ನು ಕಿಟಕಿಯ ಸರಳಿಗೆ ಬಿಗಿದು ಕಟ್ಟಿದೆ.

“ನಿನ್ನ ವೀಸಾ ಖಲಾಸ್ ಮಗನ!”

“ಆಗ್ಲಿ,” ಎಂದೆ.

ಚಪ್ಪಾಳೆ ನಿಲ್ಲಲಿಲ್ಲ. ಆಂಡ್ರಿಯಾ ಬೆತ್ತ ಇಳಿಸಿ ಸಭೆಯನ್ನು ನೋಡಿದಳು. “ನಾಟಕ ಅಲ್ರಿ ಇದು,” ಎಂದಳು. ಇನ್ನೂ ಜೋರಾಗಿ ತಟ್ಟಿದರು. ಆಗ ಅವಳು ಸೆರಗು ಕಿತ್ತಳು, ರವಿಕೆಯನ್ನು ಹಿಂದಿನಿಂದ ಕತ್ತಿನವರೆಗೂ ಎತ್ತಿದಳು. ತಿರುಗಿ ನಿಂತು ಇಡೀ ಸಭೆಗೆ ಬೆನ್ನು ತೋರಿಸಿದಳು.

ಹಸಿ ಬಾಸುಂಡೆ. ಅದರ ಅಡಿಯಲ್ಲಿ ಒಣಗಿದ ಬಾಸುಂಡೆ. ಅದರ ಪಕ್ಕದಲ್ಲಿ ಇಸ್ತ್ರಿಪೆಟ್ಟಿಗೆಯ ಮೂತಿಯ ಸುಟ್ಟ ಕಲೆ. ದೀಪವೆಲ್ಲ ಅದರ ಮೇಲಿತ್ತು.

ಚಪ್ಪಾಳೆ ಮುಂದಿನ ಸಾಲಿನಿಂದ ಸಾಯುತ್ತ ಹಿಂದಕ್ಕೆ ಹೋಯಿತು.

ಅತಿಥಿ ಎದ್ದರು. ಕ್ಯಾಸ್ಮಿರ್ ಅವರ ತೋಳು ಹಿಡಿದು, “ಡ್ರಾಮಾ ಸರ್, ಓನ್ಲಿ ಡ್ರಾಮಾ,” ಎಂದ.

ಆಂಡ್ರಿಯಾ ಮುಖ ತಿರುಗಿಸದೆಯೇ, ಮಾರುಕಟ್ಟೆಯಲ್ಲಿ ಕಲಿತ ಹರಕು ಅರಬಿಯಲ್ಲಿ ಹೇಳಿದಳು: “ಮಾಫಿ ತಮ್ಸೀಲ್. ಜವಾಜ್ ಮಾಲ್ ಅನಾ ಇಂದ ಹಾದಾ.” ನಾಟಕ ಅಲ್ಲ, ನನ್ನ ಪಾಸ್‌ಪೋರ್ಟ್ ಇವನ ಹತ್ತಿರ ಇದೆ.

ಅತಿಥಿ ಹಾರ ತೆಗೆದು ಕುರ್ಚಿಯ ಮೇಲಿಟ್ಟರು. ಬಾಗಿಲ ಬಳಿ ಹೆರಾಲ್ಡ್ ಆಗಲೇ ಪೊಲೀಸರಿಗೆ ಫೋನು ಮಾಡುತ್ತಿದ್ದ. ಬೆತ್ತ ಅವಳ ಕೈಯಲ್ಲಿತ್ತು, ರಕ್ತ ಸಾಹೇಬರ ಮುಖದಲ್ಲಿತ್ತು. ಯಾರನ್ನು ಒಯ್ಯುತ್ತಾರೆಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಅವಳ ಮುಖ ಕಾಣುತ್ತಿದ್ದದ್ದು ಸೈಡ್‌ವಿಂಗ್‌ನಲ್ಲಿದ್ದ ನನಗೊಬ್ಬನಿಗೆ.

“ಪರದಿ ಬಿಡಬ್ಯಾಡ ಕೊಗ್ಗಣ್ಣ,” ಎಂದಳು. “ಇನ್ನೂ ನೋಡಲಿ.”

ನಾಲ್ಕೈದು ಜನ ನನ್ನ ಕಡೆಗೆ ಓಡಿ ಬರುತ್ತಿದ್ದರು. ನಾನು ಹಗ್ಗದ ಗಂಟಿಗೆ ಬೆನ್ನು ಕೊಟ್ಟು ನಿಂತೆ.