ಸಾರಿಕಾ ತಡೆಹಿಡಿದ ಪ್ರಬಂಧ

ಸೊಲ್ಲಾಪುರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಕೈಲಾಸ ಸರ್‌ಗೆ ಸಂಶೋಧನಾ ಪತ್ರಿಕೆಗೆ ಪ್ರಬಂಧ ಕಳಿಸುವುದೆಂದರೆ ಮಗಳ ಮದುವೆಯ ಗಡಿಬಿಡಿ ಇದ್ದಂತೆ. ಆ ಸೋಮವಾರ ಎಲ್ಲವೂ ಮುಗಿಯುತ್ತ ಬಂದಿತ್ತು. ಉಲ್ಲೇಖಗಳ ಅಲ್ಪವಿರಾಮಗಳೆಲ್ಲ ಸರಿಯಾದ ಜಾಗಕ್ಕೆ ಬಂದಿದ್ದವು. ಸಂಪಾದಕರಿಗೆ ಬರೆಯುವ ಪತ್ರವೂ ಸಿದ್ಧವಾಗಿತ್ತು. ಉಳಿದದ್ದು ನಕಾಶೆಯೊಂದೇ. ಅಧ್ಯಯನ ನಡೆದ ಊರುಗಳನ್ನು ನಕಾಶೆಯಲ್ಲಿ ತೋರಿಸಬೇಕೆಂಬುದು ಪತ್ರಿಕೆಯವರ ನಿಯಮ. ಅದನ್ನು ಬಿಡಿಸಲು ಸಾರಿಕಾ ಬೆಳಗಿನಿಂದ ಕಂಪ್ಯೂಟರಿನ ಮುಂದೆ ಕೂತಿದ್ದಳು.

ಸಾರಿಕಾ ದುಧನಿ ಕಡೆಯ ಕುರಿಗಾರರ ಮನೆಯ ಹುಡುಗಿ, ಸರ್ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದಳು. ಮಳೆಗಾಲದಲ್ಲಿ ಕುರಿಮರಿಗಳು ಹೊಟ್ಟೆಯಲ್ಲಿ ಹುಳವಾಗಿ ಸಾಯುವುದನ್ನು ಚಿಕ್ಕಂದಿನಿಂದ ಕಂಡವಳು. ದಾಳಿಂಬೆ ಸಿಪ್ಪೆಯ ಕಷಾಯ ಕುಡಿಸಿದರೆ ಹುಳ ಕಡಿಮೆಯಾಗುತ್ತದೆಯೇ ಎಂಬುದು ಅವಳ ಪ್ರಶ್ನೆ. ಅಕ್ಕಲಕೋಟ ತಾಲೂಕಿನ ಹಿಂಡುಗಳಲ್ಲಿ ಒಂದಿಡೀ ಮಳೆಗಾಲ ತಿರುಗಿ, ಮರಿಗಳ ಹಿಕ್ಕೆ ತಂದು, ಸೂಕ್ಷ್ಮದರ್ಶಕದಡಿ ಹುಳದ ಮೊಟ್ಟೆ ಎಣಿಸಿದ್ದಳು. ಕಷಾಯ ಕುಡಿದ ಮರಿಗಳು ದುಂಡಗಾಗಿದ್ದವು, ಕುಡಿಯದವು ಸೊರಗಿದ್ದವು. ಇಷ್ಟು ಚೆಂದದ ಫಲಿತಾಂಶವನ್ನು ಸರ್ ತಮ್ಮ ನೌಕರಿಯಲ್ಲೇ ಕಂಡಿರಲಿಲ್ಲ.

ಮಧ್ಯಾಹ್ನ ಅವಳು ಸರ್ ಕೋಣೆಗೆ ಬಂದಳು. ನಕಾಶೆಯ ಹಾಳೆಯನ್ನು ಮೇಜಿನ ಮೇಲೆ ಹರವಿದಳು.

“ಸರ್, ಕಷಾಯ ಕುಡಿಸಿದ ಹಿಂಡೆಲ್ಲಾ ಮಡ್ಡಿ ಮ್ಯಾಲ ಅದಾವ್ರಿ. ಕುಡಿಸದಿದ್ದವು ಎಲ್ಲಾ ಹೊಳಿ ದಂಡ್ಯಾಗ. ಮರಿ ಬದುಕಿದ್ದು ಕಷಾಯದಿಂದನೋ, ಮಡ್ಡಿ ಮ್ಯಾಲಿನ ಒಣ ಹುಲ್ಲಿನಿಂದನೋ, ನಮಗ ಗೊತ್ತೇ ಇಲ್ರಿ.”

ಆದದ್ದು ಇಷ್ಟೇ. ಕಷಾಯಕ್ಕೆ ಮೊದಲು ಒಪ್ಪಿದವರು ಅವಳ ಬಳಗದವರು, ಎತ್ತರದ ಕಲ್ಲುಭೂಮಿಯ ಮೇಲೆ ಕುರಿ ಮೇಯಿಸುವವರು. ಬೋರಿ ಹೊಳೆಯ ದಂಡೆಯವರು ಒಲ್ಲೆ ಎಂದಿದ್ದರು. ಆದ್ದರಿಂದ ಅವರ ಹಿಂಡುಗಳನ್ನು ಸಾರಿಕಾ ಕಷಾಯ ಕುಡಿಯದವುಗಳ ಗುಂಪಿಗೆ ಸೇರಿಸಿದ್ದಳು. ಅಧ್ಯಯನಕ್ಕೆ ಒಪ್ಪಿಗೆ ಕೊಟ್ಟ ಕಾಲೇಜಿನ ಸಮಿತಿಗೂ, ಕರಡು ಓದಿದ ಸಹೋದ್ಯೋಗಿಗಳಿಗೂ, ಸ್ವತಃ ಸರ್‌ಗೂ ಅದು ಹೊಳೆದಿರಲಿಲ್ಲ. ಅವಳು ಬಾಯಿ ಬಿಡದಿದ್ದರೆ ಪತ್ರಿಕೆಯ ಪರಿಶೀಲಕರಿಗೂ ಹೊಳೆಯುತ್ತಿರಲಿಲ್ಲವೇನೋ. ನಕಾಶೆಯಲ್ಲಿ ಊರುಗಳ ಚುಕ್ಕಿ ಇಟ್ಟು ಕೈ ತೊಳೆದುಕೊಂಡಿದ್ದರೆ ಮುಗಿಯುತ್ತಿತ್ತು.

ಕೈಲಾಸ ಸರ್ ಹಾಳೆಯನ್ನು ತಮ್ಮತ್ತ ಎಳೆದುಕೊಂಡರು. ಪ್ರಬಂಧದ ಕೊನೆಗೆ ಅಧ್ಯಯನದ ಮಿತಿಗಳೆಂದು ಬರೆಯುವುದುಂಟಲ್ಲ, ಅಲ್ಲೊಂದು ಸಾಲು ಸೇರಿಸಿದರೆ ಸಾಕಲ್ಲವೇ ಎಂದು ಮೆತ್ತಗೆ ಕೇಳಿದರು.

“ಸೇರಿಸಬಹುದ್ರಿ ಸರ್,” ಎಂದಳು ಸಾರಿಕಾ. “ಆದ್ರ ಆ ಸಾಲ ಹೊಳಿ ದಂಡಿ ಕುರಿಗಾರರ ಮನಿ ಗುರುಬಾಯಿ ಆಯಿ ಓದಂಗಿಲ್ಲ. ಸೊಲ್ಲಾಪುರದವರು ಅಚ್ಚು ಹಾಕಿಸ್ಯಾರ ಅಂತ ಮರಿಗೆ ಕಷಾಯ ಕುಡಿಸಿ, ಹೊಳಿ ದಂಡಿಗೇ ಬಿಡ್ತಾಳ. ಅವು ಸತ್ರ ನಾ ಏನ್ ಹೇಳ್ಲಿ?”

ಒಂದು ವರ್ಷದ ದುಡಿಮೆ ಕೈಗೆ ಬಂದ ಗಳಿಗೆಯಲ್ಲಿ ಅದನ್ನು ತಾನೇ ತಳ್ಳಿ ನಿಂತ ಹುಡುಗಿಯನ್ನು ಸರ್ ನೋಡಿದರು. ಎದೆಯೊಳಗೆ ಬೇಸರವೇ ತುಂಬಬೇಕಿತ್ತು, ತುಂಬಿದ್ದು ಹೆಮ್ಮೆ. ಕಡತ ಮುಚ್ಚಿ, ಮುಂದಿನ ಮಳೆಗಾಲಕ್ಕೆ ಏನು ತಯಾರಿ ಬೇಕೆಂದು ಕೇಳಿದರು.

ಮರುವರ್ಷ ಮೊದಲ ಮಳೆಗೇ ಇಬ್ಬರೂ ಅಕ್ಕಲಕೋಟಕ್ಕೆ ಹೋದರು. ಈ ಸಲ ಸಾರಿಕಾ ಪ್ರತಿಯೊಂದು ಹಿಂಡಿನಲ್ಲೂ ಅರ್ಧ ಮರಿಗಳಿಗಷ್ಟೇ ಕಷಾಯ ಕುಡಿಸುವುದೆಂದು ಗೊತ್ತುಮಾಡಿದ್ದಳು. ದಂಡೆಯವರೂ ಮಡ್ಡಿಯವರೂ ಇಬ್ಬರೂ ಬೇಕಿತ್ತು. ಹೊಳೆದಂಡೆಯ ಕುರಿಗಾರ ಸಿದ್ದಣ್ಣ ತಲೆ ಅಲ್ಲಾಡಿಸಿದ. ಒಂದೇ ಹಟ್ಟಿಯ ಒಂದು ಮರಿಗೆ ಔಷಧ, ಇನ್ನೊಂದಕ್ಕೆ ಇಲ್ಲ ಎಂದರೆ ಕುರಿ ಕಾಯುವ ದೇವರು ಬೀರೋಬಾ ಮೆಚ್ಚುತ್ತಾನೆಯೇ ಎಂಬುದು ಅವನ ಮಾತು.

“ಅದು ಔಷಧ ಹೌದೋ ಅಲ್ಲೋ ಅನ್ನೂದೇ ಗೊತ್ತಿಲ್ಲ ಕಾಕಾ,” ಎಂದಳು ಸಾರಿಕಾ. “ಹೋದ ವರ್ಷ ಗೊತ್ತೈತಿ ಅನಕೊಂಡಿದ್ದೆ. ತಪ್ಪಿದ್ದೆ.”

ಯಾವ ಮರಿ ಸೊರಗಿದರೂ ಕೂಡಲೇ ದನದ ಡಾಕ್ಟರನ್ನು ಕರೆತರುವೆನೆಂದು ಮಾತು ಕೊಟ್ಟಳು. ಸಿದ್ದಣ್ಣನ ತಾಯಿ ಗುರುಬಾಯಿಯೇ ಮೊದಲ ಮರಿಯನ್ನು ಎತ್ತಿ ಅವಳ ಕೈಗೆ ಕೊಟ್ಟಳು. ಕೈಲಾಸ ಸರ್ ಮರಿಗಳ ಬಾಯಿ ಹಿಡಿದರು, ಕಷಾಯ ಚೆಲ್ಲಿ ಅಂಗಿ ಕಂದುಬಣ್ಣವಾಯಿತು. ಜಿಟಿಜಿಟಿ ಮಳೆಯಲ್ಲಿ ಹಟ್ಟಿಯಿಂದ ಹಟ್ಟಿಗೆ ನಡೆದರೂ ಆ ಹುಡುಗಿಗೆ ಒಂದು ಮರಿಯ ಗುರುತೂ ತಪ್ಪಲಿಲ್ಲ. ಮಾತಿನಂತೆ ಎರಡು ಸಲ ಡಾಕ್ಟರನ್ನೂ ಕರೆತಂದಳು.

ಮಳೆಗಾಲ ಮುಗಿದು ಲೆಕ್ಕ ಹಾಕಿದಾಗ ಕಷಾಯ ಕುಡಿದ ಮರಿಗೂ ಕುಡಿಯದ ಮರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸವಿದ್ದದ್ದು ಮಡ್ಡಿಗೂ ದಂಡೆಗೂ. ಹಸಿ ಹುಲ್ಲಿಗೆ ಅಂಟಿಕೊಂಡ ಎಳೆ ಹುಳಗಳೇ ದಂಡೆಯ ಮರಿಗಳ ಹೊಟ್ಟೆ ಸೇರುತ್ತಿದ್ದವು.

ಪ್ರಬಂಧ ಮತ್ತೆ ಮೊದಲಿನಿಂದ ಶುರುವಾಯಿತು. ಶೀರ್ಷಿಕೆ ಬದಲಾಯಿತು, ಸಾರಾಂಶ ಬದಲಾಯಿತು, ಹಳೆಯ ಚಿತ್ರಗಳೆಲ್ಲ ಹೋದವು. ಮೊದಲ ವರ್ಷ ಎಲ್ಲಿ ಎಡವಿದೆವು ಎಂಬುದನ್ನು ಅವಳು ವಿಧಾನದ ಭಾಗದಲ್ಲಿ ನೇರವಾಗಿ ಬರೆದಳು. ಅದರಲ್ಲಿ ಸರ್ ಒಂದು ಅಕ್ಷರವನ್ನೂ ತೆಗೆಯಲಿಲ್ಲ. ಕಳಿಸುವ ಮೊದಲು ಕುರಿಗಾರರಿಗೆ ಹೇಳಲೇಬೇಕೆಂದು ಅವಳು ಹಟ ಹಿಡಿದದ್ದರಿಂದ ಇಬ್ಬರೂ ಗುರುಬಾಯಿಯ ಹಟ್ಟಿಗೆ ಹೋದರು. ಮಳೆಗಾಲದಲ್ಲಿ ಹುಲ್ಲಿನ ಹಸಿ ಆರುವ ತನಕ ಮರಿಗಳನ್ನು ದಂಡೆಗೆ ಬಿಡಬಾರದೆಂದು ಸಾರಿಕಾ ಬಿಡಿಸಿ ಹೇಳಿದಳು.

“ಅಂದ್ರ ಅಷ್ಟು ಸಿಪ್ಪಿ ಕುದಿಸಿದ್ದು ವ್ಯರ್ಥ ಆತೇನು?” ಎಂದಳು ಮುದುಕಿ.

“ಆತು ಆಯಿ.”

“ಔಷಧ ನಾಟತೈತಿ ಅಂತ ಹೇಳಾಕ ಭಾಳ ಮಂದಿ ಬರ್ತಾರ. ನಾಟಂಗಿಲ್ಲ ಅಂತ ಹೇಳಾಕ ಬಂದಾಕಿ ನೀ ಒಬ್ಬಾಕಿ. ಕುಂಡ್ರು, ಚಹಾ ಮಾಡ್ತೀನಿ.”

ಕಳಿಸುವ ದಿನ ಪತ್ರಿಕೆಯ ಜಾಲತಾಣವು ಪರಿಶೀಲನೆಗೆ ಯೋಗ್ಯರಾದವರ ಹೆಸರು ಕೇಳಿತು. ಪರಿಚಯದ ಯಾರದಾದರೂ ಹೆಸರು ಕೊಡುವುದು ವಾಡಿಕೆ. ಸಾರಿಕಾ ಕೊಟ್ಟದ್ದು ದಾಳಿಂಬೆ ಕಷಾಯದ ಗುಣ ಹೊಗಳಿ ಬರೆದಿದ್ದ, ಅವಳು ಎಂದೂ ಕಾಣದ ವಿಜ್ಞಾನಿಯ ಹೆಸರು. ನಮ್ಮ ತಪ್ಪು ಹುಡುಕಲು ಅವರಿಗಿಂತ ಒಳ್ಳೆಯವರು ಸಿಗಲಾರರು ಎಂದಳು. ಕೈಲಾಸ ಸರ್ ನಕ್ಕು, ಬಟನ್ ನೀನೇ ಒತ್ತು ಎಂದರು.

ಪರಿಶೀಲಕರ ಅಭಿಪ್ರಾಯಗಳು ಖಾರವಾಗಿಯೇ ಬಂದವು. ಒಬ್ಬರಂತೂ ಲೆಕ್ಕವನ್ನೆಲ್ಲ ಇನ್ನೊಂದು ರೀತಿಯಲ್ಲಿ ಮಾಡಿ ತೋರಿಸಿ ಎಂದರು. ಸಾರಿಕಾ ಮಾಡಿ ತೋರಿಸಿದಳು, ಉತ್ತರ ಅದೇ ಬಂತು. ಬೇಸಿಗೆಯ ಹೊತ್ತಿಗೆ ಪ್ರಬಂಧ ಸ್ವೀಕಾರವಾಯಿತು.

ಆ ಸಂಜೆ ಕೈಲಾಸ ಸರ್ ಊರಿಗೆ ಹೋಗಲು ಬಸ್ ಹತ್ತಿದರು. ಪಕ್ಕದಲ್ಲಿ ಕೂತಿದ್ದ ಟವೆಲ್ ವ್ಯಾಪಾರಿ, ಏನು ಕೆಲಸ ಮಾಡುತ್ತೀರೆಂದು ಸುಮ್ಮನೆ ಕೇಳಿದ. ಸರ್ ತಮ್ಮ ಬಗ್ಗೆ ಹೇಳಿಕೊಳ್ಳಲಿಲ್ಲ. “ನನ್ನ ಕೈಕೆಳಗ ಒಬ್ಬಾಕಿ ಹುಡುಗಿ ಅದಾಳ್ರಿ,” ಎಂದು ಶುರುಮಾಡಿದವರು ಅಕ್ಕಲಕೋಟ ಬರುವ ತನಕ ನಿಲ್ಲಿಸಲಿಲ್ಲ.