ಹಿಂದಿನ ಖೋಲಿಯ ಆನೆಗಳು

“ನಿಮ್ಮ ಮಗಳ ಆನಿ ಸಾಲಿಗೇ ಬೆನ್ನು ಕೊಟ್ಟು ಹೊಂಟೈತಿ ನೋಡ್ರಿ,” ಎನ್ನುತ್ತ ಶೀಲಾ ಅಕ್ಕೋರು ಪರೀಕ್ಷೆಯ ಹಾಳೆಯನ್ನು ಮೇಜಿನ ಮೇಲೆ ಮಹೇಶ್ವರಿಯತ್ತ ಸರಿಸಿದರು.

ಹಾಳೆಯಲ್ಲಿ ಅಚ್ಚಾದ ಆನೆ ಬಲಕ್ಕೆ ನೋಡುತ್ತಿತ್ತು. ಅದರಂತೆಯೇ ಇನ್ನೊಂದನ್ನು ಬರೆಯಿರಿ ಎಂದಿದ್ದ ಕಡೆ ಬನಶಂಕರಿಯ ಆನೆ ಎಡಕ್ಕೆ ಮುಖ ಮಾಡಿತ್ತು. ಗಿಳಿ, ಬಾಣ, ಮೆಟ್ಟಿಲು, ಎಲ್ಲವೂ ಹಾಗೇ ತಿರುವುಮುರುವು. ಗುಳೇದಗುಡ್ಡದ ಆ ಶಾಲೆಯಲ್ಲಿ ಈ ಒಂದು ಪರೀಕ್ಷೆಯ ಮೇಲೆಯೇ ಐದನೆಯ ತರಗತಿಯನ್ನು ಎರಡು ಹೋಳು ಮಾಡಿದ್ದರು. ಚುರುಕಾದವರು ಮುಂದಿನ ಖೋಲಿಗೆ; ಅವರಿಗೆ ಇಂಗ್ಲಿಷ್, ವಿಜ್ಞಾನ, ಮುಂದೆ ಬಾಗಲಕೋಟೆಯ ಕಾಲೇಜು. ಉಳಿದವರು ಹಿಂದಿನ ಖೋಲಿಗೆ. ಅವರಿಗೆ ಅಕ್ಷರ, ಕೈಕೆಲಸ. ಒಮ್ಮೆ ಯಾದಿ ಪಕ್ಕಾ ಆಯಿತೆಂದರೆ ಹತ್ತನೆಯವರೆಗೆ ಬದಲಿಲ್ಲ.

ಮಹೇಶ್ವರಿ ಹಾಳೆ ನೋಡಿ ಸೆರಗು ಬಾಯಿಗೆ ಹಿಡಿದು ನಕ್ಕಳು.

“ಅಕ್ಕೋರ, ಇದು ದಡ್ಡತನ ಅಲ್ರಿ. ನಾವು ಕುಬಸದ ಖಣ ನೇಯೂದ ಮಾರಿ ಕೆಳಗ ಮಾಡಿ. ನಮ್ಮ ಕಣ್ಣಿಗಿ ಬೀಳೂದು ಅದರ ಬೆನ್ನು. ಆನಿ ಬಲಕ್ಕ ಬರಬೇಕಂದ್ರ ನಮಗ ಎಡಕ್ಕ ಕಾಣಬೇಕು. ಕೂಸಿದ್ದಾಗಿಂದ ಮಗ್ಗದ ಬಾಜೂಕ ಬೆಳದಾಳ, ಹಂಗ ತಗದಾಳ.”

ಅಕ್ಕೋರು ನಗಲಿಲ್ಲ. ಹಿಂದಿನ ಖೋಲಿಯವರ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ತಿರುವಿದಷ್ಟೂ ಎಡಕ್ಕೆ ಹೊರಟ ಆನೆಗಳೇ.

“ಇವರೆಲ್ಲಾ ನಿಮ್ಮ ಓಣಿಯವರೇನ್ರಿ?”

“ಹೌದ್ರಿ. ಅರ್ಷದ, ದೀಪಕ, ಎಲ್ಲಾರ ಮನ್ಯಾಗೂ ಮಗ್ಗ ಐತಿ.”

ಅಕ್ಕೋರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಇವತ್ತ ಸಂಜಿಕ ಯಾದಿ ಪಕ್ಕಾ ಆಗತೈತಿ. ಈಗಿಂದೀಗ ಅಕಿನ್ನ ಕರಕೊಂಡ ಬರ್ರಿ, ನನ್ನ ಮುಂದ ಇನ್ನೊಮ್ಮೆ ಬರೀಲಿ. ಅಕಿ ಒಬ್ಬಾಕಿನ್ನರ ಮುಂದ ಕೂಡಸ್ತೇನಿ.”

ಮಹೇಶ್ವರಿ ಬಿಸಿಲಲ್ಲಿ ಮೈದಾನ ದಾಟಿದಳು. ಮುಂದಿನ ಖೋಲಿಯಲ್ಲಿ ಗದ್ದಲವೋ ಗದ್ದಲ. ಹಿಂದಿನದರಲ್ಲಿ ಪಿಟ್ಟೆನ್ನುವ ಸದ್ದಿಲ್ಲ. ಕಲಿಸುವವರು ಯಾರೂ ಇರಲಿಲ್ಲ, ಆದರೂ ಮಕ್ಕಳು ಗೋಡೆ ನೋಡುತ್ತ ನೆಟ್ಟಗೆ ಕೂತಿದ್ದರು. ಬೆಂಚಿನ ಕೆಳಗೆ ಮಾತ್ರ ಎಲ್ಲರ ಕಾಲುಗಳೂ ಒಂದೇ ತಾಳದಲ್ಲಿ ಇಲ್ಲದ ಮಗ್ಗವೊಂದನ್ನು ತುಳಿಯುತ್ತಿದ್ದವು. ಒಂದು ಕಾಲೂ ತಪ್ಪುತ್ತಿರಲಿಲ್ಲ. ಬನಶಂಕರಿಯನ್ನು ಮಹೇಶ್ವರಿ ಒಂದು ದಿನವೂ ಮಗ್ಗಕ್ಕೆ ಕೂರಿಸಿದವಳಲ್ಲ.

“ಬನೂ, ಎದ್ದ ಬಾ. ಅಕ್ಕೋರು ಕರೀತಾರ. ಈಗ ಬಂದ್ರ ಮುಂದಿನ ಖೋಲಿ.”

ಮಗಳು ತಿರುಗಲಿಲ್ಲ. “ನಾ ಒಲ್ಲೆ ಅವ್ವಾ,” ಎಂದಳು, ಹರೆಯ ಕಳೆದ ಹೆಂಗಸಿನ ಸಮಾಧಾನದಲ್ಲಿ. “ನಂದು ಇಲ್ಲೇ ಐತಿ.”

ಮಹೇಶ್ವರಿ ಒಳಗೆ ಹೋಗಿ ಅವಳ ರಟ್ಟೆ ಹಿಡಿದು ಎಳೆದಳು. ಹುಡುಗಿ ಅಲುಗಲಿಲ್ಲ; ಕಾಲೂ ನಿಲ್ಲಲಿಲ್ಲ. ಅದೇ ಬೆಂಚಿನ ಉಳಿದ ಮಕ್ಕಳು, ತಿರುಗಿಯೂ ನೋಡದೆ, ಒತ್ತೊತ್ತಿ ಸರಿದು ಮಹೇಶ್ವರಿಗೂ ಒಂದು ಜಾಗ ಬಿಟ್ಟರು.